ಹತ್ತಿರ ಬಂದಾಗಲೇ ಹಿಂದೆ ಸರಿಯುವ ಮನಸ್ಸು: ಆಪ್ತತೆಯ ಭಯವನ್ನು ಗುರುತಿಸಿ, ಅದರೊಡನೆ ಹೆಜ್ಜೆ ಹಾಕುವ ಬಗೆ

ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಸಂದೇಶ ಬರುತ್ತದೆ: "ಇವತ್ತು ನಿನ್ನ ಹತ್ತಿರ ಎಲ್ಲವನ್ನೂ ಹೇಳಿಕೊಂಡ ಮೇಲೆ ಮನಸ್ಸು ಹಗುರವಾಯಿತು. ಇನ್ನು ನಿನ್ನ ಮಾತನ್ನೂ ಕೇಳಬೇಕು ಅನ್ನಿಸುತ್ತಿದೆ." ಓದಿದವರಿಗೆ ಮೊದಲು ಸಂತೋಷವೇ ಆಗುತ್ತದೆ. ಉತ್ತರ ಬರೆಯತೊಡಗುತ್ತಾರೆ, ಎರಡು ಸಾಲು ಬರೆದು ಅಳಿಸುತ್ತಾರೆ, ಮತ್ತೆ ಬರೆದು ಅಳಿಸುತ್ತಾರೆ, ಕೊನೆಗೆ ಫೋನನ್ನು ಬೋರಲಾಗಿಟ್ಟು ಮಲಗಿಬಿಡುತ್ತಾರೆ. ಬೆಳಿಗ್ಗೆ ಹೋಗುವ ಉತ್ತರ "ಸರಿ, ಆರಾಮಾಗಿರು" ಎಂಬ ಎರಡೇ ಪದ. ಮುಂದಿನ ಒಂದು ವಾರ ಇದ್ದಕ್ಕಿದ್ದಂತೆ ಕೆಲಸ ಹೆಚ್ಚಾಗುತ್ತದೆ. ಆ ವ್ಯಕ್ತಿ ನಗುವ ರೀತಿ, ಮಾತಿನ ನಡುವೆ ತಡವರಿಸುವ ಅಭ್ಯಾಸ, ಹೀಗೆ ಹಿಂದಿನ ವಾರದವರೆಗೂ ಇಷ್ಟವಾಗಿದ್ದವೇ ಕಿರಿಕಿರಿ ಹುಟ್ಟಿಸತೊಡಗುತ್ತವೆ. ಜಗಳವಾಗಿಲ್ಲ, ಯಾರೂ ಯಾರನ್ನೂ ನೋಯಿಸಿಲ್ಲ. ಆಗಿದ್ದು ಇಷ್ಟೇ: ಒಬ್ಬರು ಒಂದು ಹೆಜ್ಜೆ ಹತ್ತಿರ ಬಂದರು.

ಮನಶ್ಶಾಸ್ತ್ರದಲ್ಲಿ ಇದನ್ನು ಆಪ್ತತೆಯ ಭಯ ಎಂದು ಕರೆಯುತ್ತಾರೆ. 1991ರಲ್ಲಿ ಕ್ಯಾರಲ್ ಡೆಸ್ಕಟ್ನರ್ ಮತ್ತು ಮಾರ್ಕ್ ಥೆಲೆನ್ ಎಂಬ ಸಂಶೋಧಕರು ಇದನ್ನು ಅಳೆಯಲು 35 ಹೇಳಿಕೆಗಳ ಪ್ರಶ್ನಾವಳಿಯೊಂದನ್ನು ರೂಪಿಸಿದರು. ಒಂದೊಂದು ಹೇಳಿಕೆಯೂ ತನಗೆ ಎಷ್ಟರ ಮಟ್ಟಿಗೆ ಹೊಂದುತ್ತದೆ ಎಂಬುದಕ್ಕೆ 1ರಿಂದ 5ರವರೆಗೆ ಅಂಕ ಕೊಡಬೇಕು. ಅವರ ವಿವರಣೆಯಲ್ಲಿ ಗಮನಿಸಬೇಕಾದ ಎರಡು ಷರತ್ತುಗಳಿವೆ: ಹಂಚಿಕೊಳ್ಳಬೇಕಾದ ವಿಷಯ ತನ್ನ ಪಾಲಿಗೆ ಮುಖ್ಯವಾದದ್ದಾಗಿರಬೇಕು ಮತ್ತು ಎದುರಿಗಿರುವ ವ್ಯಕ್ತಿ ತಾನು ಬಹಳ ಬೆಲೆ ಕೊಡುವವರಾಗಿರಬೇಕು. ಆದ್ದರಿಂದಲೇ, ಪ್ರಯಾಣದಲ್ಲಿ ಪಕ್ಕ ಕುಳಿತ ಅಪರಿಚಿತರಿಗೆ ಬದುಕಿನ ಕಥೆಯನ್ನೆಲ್ಲ ಸಲೀಸಾಗಿ ಹೇಳಬಲ್ಲವರು, ತಾವು ಪ್ರೀತಿಸುವವರ ಮುಂದೆ "ನನಗೆ ಇವತ್ತು ಬೇಸರವಾಗಿದೆ" ಎಂದು ಹೇಳಲು ಹೋದರೆ ಗಂಟಲು ಕಟ್ಟಿದಂತಾಗಿ ಸುಮ್ಮನಾಗುತ್ತಾರೆ. ಅಪರಿಚಿತರು ಮುಖ ತಿರುಗಿಸಿದರೆ ನಷ್ಟವಿಲ್ಲ. ಪ್ರೀತಿಪಾತ್ರರು ಮುಖ ತಿರುಗಿಸಿದರೆ ಏನುಳಿಯುತ್ತದೆ ಎಂಬ ಅಳುಕೇ ಈ ಭಯದ ಬೇರು.

ಯೌವನದಲ್ಲಿ ಇದು ಎದ್ದು ಕಾಣುವುದಕ್ಕೆ ಕಾರಣವಿದೆ. ಮನೋವಿಶ್ಲೇಷಕ ಎರಿಕ್ ಎರಿಕ್ಸನ್ 1950ರಲ್ಲಿ ಮನುಷ್ಯನ ಬೆಳವಣಿಗೆಯನ್ನು ಎಂಟು ಘಟ್ಟಗಳಾಗಿ ವಿವರಿಸಿದಾಗ, ಹರೆಯದ ಹೊತ್ತಿನ ಕೆಲಸವನ್ನು "ನಾನು ಯಾರು" ಎಂಬ ಹುಡುಕಾಟ ಎಂದೂ, ಅದರ ಮುಂದಿನ ಆರನೆಯ ಘಟ್ಟವನ್ನು ಆಪ್ತತೆ ಮತ್ತು ಒಂಟಿತನಗಳ ನಡುವಿನ ತೊಳಲಾಟ ಎಂದೂ ಗುರುತಿಸಿದರು. ತಾನು ಯಾರೆಂಬುದು ಇನ್ನೂ ಗಟ್ಟಿಯಾಗದ ವಯಸ್ಸಿನಲ್ಲಿ ಇನ್ನೊಬ್ಬರಿಗೆ ಹತ್ತಿರವಾಗುವುದೆಂದರೆ, ಇರುವ ಅಷ್ಟಿಷ್ಟು ತನ್ನತನವನ್ನೂ ಕಳೆದುಕೊಳ್ಳುವುದೇನೋ ಎಂಬ ಗಾಬರಿ ಸಹಜ. ಇಪ್ಪತ್ತರ ಆಸುಪಾಸಿನಲ್ಲಿ ಹೀಗಾಗುವುದನ್ನು ಕಂಡು "ನನ್ನಲ್ಲೇ ಏನೋ ಐಬಿದೆ" ಎಂದು ತೀರ್ಮಾನಿಸಬೇಡಿ.

ಮೊದಲು ಮೌನವನ್ನೂ ಭಯವನ್ನೂ ಬೇರೆ ಮಾಡಿ

ಈ ವಿಷಯದಲ್ಲಿ ಆಗುವ ದೊಡ್ಡ ತಪ್ಪು ಇಲ್ಲಿಯೇ ಆಗುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ. ಕಡಿಮೆ ಮಾತನಾಡುವವರನ್ನೆಲ್ಲ ಹೆದರಿದವರು ಎಂದೂ, ಎಲ್ಲವನ್ನೂ ತೆರೆದಿಡುವವರನ್ನು ಆರೋಗ್ಯವಂತರು ಎಂದೂ ಅಳೆಯುವ ರೂಢಿ ಹರಡಿಬಿಟ್ಟಿದೆ. ನಮ್ಮ ಭಾಷೆಯಲ್ಲಿ ಸಂಕೋಚ, ಬಿಗುಮಾನ, ಮುಜುಗರ, ಹಿಂಜರಿಕೆ, ಅಳುಕು ಎಂದು ಬೇರೆ ಬೇರೆ ಪದಗಳಿರುವುದು ಸುಮ್ಮನೆ ಅಲ್ಲ. ಇವು ಬೇರೆ ಬೇರೆ ಸ್ಥಿತಿಗಳು, ಇವುಗಳಲ್ಲಿ ಹಲವಕ್ಕೆ ಚಿಕಿತ್ಸೆಯ ಅಗತ್ಯವೇ ಇಲ್ಲ.

ಎಷ್ಟು ಮಾತನಾಡಬೇಕು ಎಂಬುದನ್ನು ಬಹುಮಟ್ಟಿಗೆ ಸುತ್ತಲಿನ ಸಮಾಜ ಕಲಿಸುತ್ತದೆ. ಹೊಸ ಸ್ನೇಹ, ಹೊಸ ಸಂಬಂಧಗಳು ಸುಲಭವಾಗಿ ಸಿಗುವ, ಹಾಗೆಯೇ ಸುಲಭವಾಗಿ ಕಳೆದುಹೋಗುವ ಸಮಾಜಗಳಲ್ಲಿ ಜನ ತಮ್ಮ ಒಳಗನ್ನು ಹೆಚ್ಚು ತೆರೆದಿಡುತ್ತಾರೆ, ಏಕೆಂದರೆ ಸಂಬಂಧವನ್ನು ಕಟ್ಟುವುದಕ್ಕೂ ಉಳಿಸಿಕೊಳ್ಳುವುದಕ್ಕೂ ಅಲ್ಲಿ ಅದೇ ದಾರಿ. 2010ರಲ್ಲಿ ಜಪಾನ್ ಮತ್ತು ಅಮೆರಿಕದ ಯುವಜನರನ್ನು ಹೋಲಿಸಿದ ಅಧ್ಯಯನದಲ್ಲಿ ಇದು ಕಂಡುಬಂದಿತು. 2018ರಲ್ಲಿ 39 ಸಮಾಜಗಳ 16,939 ಜನರನ್ನು ಒಳಗೊಂಡ ಇನ್ನೊಂದು ಅಧ್ಯಯನವೂ ಅದೇ ದಿಕ್ಕಿನಲ್ಲಿ ಮಾತನಾಡಿತು. ಹುಟ್ಟಿನಿಂದಲೇ ಸಂಬಂಧಗಳು ಗಟ್ಟಿಯಾಗಿ ನಿಂತಿರುವ ಸಮಾಜದಲ್ಲಿ ಬೆಳೆದವರಿಗೆ ಬಾಯಿಬಿಟ್ಟು ಹೇಳುವ ತುರ್ತು ಅಷ್ಟಾಗಿ ಇರುವುದಿಲ್ಲ. ಅವರ ಮೌನದೊಳಗೆ ಆಪ್ತತೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. 2007ರ ಒಂದು ಪ್ರಯೋಗದಲ್ಲಿ ಏಷ್ಯಾ ಮೂಲದ ವಿದ್ಯಾರ್ಥಿಗಳಿಗೆ ಒತ್ತಡದ ಹೊತ್ತಿನಲ್ಲಿ ನೆರವನ್ನು ಬಾಯಿಬಿಟ್ಟು ಕೇಳುವುದಕ್ಕಿಂತ, ತಮಗೆ ಹತ್ತಿರವಾದವರನ್ನು ಸುಮ್ಮನೆ ನೆನೆದುಕೊಳ್ಳುವುದೇ ಹೆಚ್ಚು ನೆಮ್ಮದಿ ಕೊಟ್ಟಿತು. ಯುರೋಪ್ ಮೂಲದ ಅಮೆರಿಕನ್ನರಲ್ಲಿ ಇದು ತಿರುವುಮುರುವಾಗಿತ್ತು. ಅಲ್ಲಿ ಅಳೆದದ್ದು ಮಾತನ್ನಷ್ಟೇ ಅಲ್ಲ, ಒತ್ತಡದಲ್ಲಿ ದೇಹ ಸ್ರವಿಸುವ ಕಾರ್ಟಿಸಾಲ್ ಹಾರ್ಮೋನನ್ನೂ ಅಳೆಯಲಾಗಿತ್ತು.

ಹಾಗೆಂದು ಭಯವೇ ಸಂಸ್ಕೃತಿಯ ಸೃಷ್ಟಿ ಎನ್ನಲಾಗದು. 2004ರಲ್ಲಿ 62 ಸಾಂಸ್ಕೃತಿಕ ಪ್ರದೇಶಗಳ 17,804 ಜನರ ಮಾಹಿತಿಯನ್ನು ಒಟ್ಟುಗೂಡಿಸಿದ ಅಧ್ಯಯನದಲ್ಲಿ ಬಹುಪಾಲು ಪ್ರದೇಶಗಳ ಜನ ಪ್ರೇಮಸಂಬಂಧದಲ್ಲಿ ನೆಮ್ಮದಿಯ ನಂಟನ್ನೇ ತಮಗೆ ಹೆಚ್ಚು ಹೊಂದುವಂಥದ್ದೆಂದು ಗುರುತಿಸಿಕೊಂಡರು. ಪೂರ್ವ ಏಷ್ಯಾದಲ್ಲಿ ಮಾತ್ರ "ಅವರಿಗೆ ನಾನು ಸಾಲುತ್ತೇನೆಯೇ" ಎಂಬ ಚಿಂತೆಯ ನಂಟು ಎದ್ದು ಕಂಡಿತು. ಭಯಪಡುವವರು ಎಲ್ಲ ಕಡೆಯೂ ಇದ್ದಾರೆ, ಭಯ ತೊಡುವ ಬಟ್ಟೆ ಮಾತ್ರ ಬೇರೆ. ಒಬ್ಬರು ಬೆನ್ನುಬಿದ್ದು ಕೇಳುವುದು, ಇನ್ನೊಬ್ಬರು ಬಾಯಿ ಮುಚ್ಚಿಕೊಂಡು ದೂರ ಸರಿಯುವುದು, ಅವರು ಸರಿದಷ್ಟೂ ಇವರು ಬೆನ್ನುಬೀಳುವುದು ಎಂಬ ಸರಪಳಿಯನ್ನು 2006ರಲ್ಲಿ ಬ್ರೆಜಿಲ್, ಇಟಲಿ, ತೈವಾನ್, ಅಮೆರಿಕ ಈ ನಾಲ್ಕೂ ಕಡೆ ಪರಿಶೀಲಿಸಿದಾಗ ನಾಲ್ಕೂ ಕಡೆ ಅದೇ ಚಿತ್ರ ಸಿಕ್ಕಿತು.

ಹಾಗಾದರೆ ನಿಮ್ಮದು ಯಾವುದು ಎಂದು ತಿಳಿಯುವುದು ಹೇಗೆ? ಮಾತಿನ ಪ್ರಮಾಣವನ್ನು ಬಿಟ್ಟು, ಹತ್ತಿರವಾದ ಮರುದಿನ ಏನಾಗುತ್ತದೆ ಎಂಬುದನ್ನು ನೋಡಿ. ಮೌನಸ್ವಭಾವದವರು ಒಂದು ಒಳ್ಳೆಯ ಸಂಜೆಯ ಮರುದಿನವೂ ಅದೇ ಮೌನದಲ್ಲಿ, ಅದೇ ಒಲವಿನಲ್ಲಿ ಇರುತ್ತಾರೆ. ಅವರ ಪಕ್ಕ ಕುಳಿತರೆ ನೆಮ್ಮದಿಯಾಗುತ್ತದೆ. ಭಯವಿದ್ದವರಲ್ಲಿ ಸಂಜೆಗೂ ಮರುದಿನಕ್ಕೂ ಬಿರುಕು ಕಾಣಿಸುತ್ತದೆ. ಎರಡನೆಯ ಗುರುತು ಇನ್ನೂ ಸೂಕ್ಷ್ಮ: ಮೌನಸ್ವಭಾವದವರಿಗೆ ಹೇಳಬೇಕೆಂಬ ಬಯಕೆ ಅಷ್ಟಾಗಿ ಇರುವುದಿಲ್ಲ, ಭಯವಿದ್ದವರಿಗೆ ಹೇಳಬೇಕೆಂಬ ಹಂಬಲ ಎದೆಯೊಳಗೆ ತುಂಬಿಕೊಂಡಿರುತ್ತದೆ ಮತ್ತು ಹೇಳಲಾಗದೆ ಹೋದಾಗ ಒಂಟಿತನ ಕಾಡುತ್ತದೆ. ಬಯಕೆಯೂ ಓಟವೂ ಒಟ್ಟಿಗೇ ಇದ್ದರೆ ಅದನ್ನು ಭಯವೆಂದೇ ತಿಳಿದು ಮುಂದುವರಿಯಿರಿ.

ನಿಮ್ಮ ಭಯ ಅಡಗುವ ಜಾಗವನ್ನು ಹುಡುಕಿ

ಭಯ ಬಂದಾಗ "ನನಗೆ ಭಯವಾಗುತ್ತಿದೆ" ಎಂದು ಅನ್ನಿಸುವುದು ಅಪರೂಪ. ಅದು ಬೇರೆ ವೇಷದಲ್ಲಿ ಬರುತ್ತದೆ. ಸಂಗಾತಿಯ ಸಣ್ಣಪುಟ್ಟ ಕುಂದುಗಳು ಇದ್ದಕ್ಕಿದ್ದಂತೆ ದೊಡ್ಡದಾಗಿ ಕಾಣುವುದು ಬಹಳ ಸಾಮಾನ್ಯವಾದ ವೇಷ. ಕೈಗೆ ಸಿಗದವರನ್ನೇ, ಬೇರೆ ಊರಿನಲ್ಲಿರುವವರನ್ನೇ, ಇನ್ನೊಬ್ಬರೊಡನೆ ಇರುವವರನ್ನೇ ಮತ್ತೆ ಮತ್ತೆ ಇಷ್ಟಪಡುವುದು ಇನ್ನೊಂದು. ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ ಇವರ ಪಾಲಿಗೆ ಎಚ್ಚರಿಕೆಗಿಂತ ಹೆಚ್ಚಾಗಿ ಆಶ್ರಯವಾಗಿಬಿಡುತ್ತದೆ, ಏಕೆಂದರೆ ದೂರದ ಬೆಟ್ಟ ಇವರನ್ನು ಹತ್ತಿರದಿಂದ ನೋಡಲಾರದು. ಗಂಭೀರ ಮಾತು ಬಂದ ಕೂಡಲೇ ನಗೆಯಾಡಿ ತೇಲಿಸುವವರಿದ್ದಾರೆ. ದೈಹಿಕ ಸಾಮೀಪ್ಯಕ್ಕೆ ಸುಲಭವಾಗಿ ಒಪ್ಪಿ, ಅದರ ಆಚೆಗಿನ ಮಾತಿಗೆ ಮಾತ್ರ ಬಾಗಿಲು ಹಾಕುವವರಿದ್ದಾರೆ; ಮನಸ್ಸು ತೆರೆದಿದ್ದರೂ ಸ್ಪರ್ಶಕ್ಕೆ ಬೆಚ್ಚುವವರೂ ಇದ್ದಾರೆ.

ನನಗೆ ಚೆನ್ನಾಗಿ ಗೊತ್ತಿರುವುದು ಇನ್ನೊಂದು ವೇಷ, ಏಕೆಂದರೆ ಬಹಳ ವರ್ಷ ಅದು ನನ್ನದೇ ಆಗಿತ್ತು: ಒಳ್ಳೆಯ ಕೇಳುಗರಾಗಿರುವುದು. ಎಲ್ಲರ ಕಷ್ಟವನ್ನೂ ಕೇಳುತ್ತಿದ್ದೆ, ಸರಿಯಾದ ಪ್ರಶ್ನೆ ಹಾಕುತ್ತಿದ್ದೆ, ನೆನಪಿಟ್ಟುಕೊಂಡು ಮುಂದಿನ ಸಲ ವಿಚಾರಿಸುತ್ತಿದ್ದೆ. ಒಂದು ದಿನ ತುಂಬ ಹತ್ತಿರದವರೊಬ್ಬರು "ನಾಲ್ಕು ವರ್ಷದಲ್ಲಿ ನೀನು ಒಂದು ಸಲವೂ ನನ್ನ ಮುಂದೆ ಅತ್ತಿಲ್ಲ, ನನಗೆ ನೀನು ಯಾರೆಂದೇ ಗೊತ್ತಿಲ್ಲ" ಎಂದಾಗ ಉತ್ತರಿಸಲು ನನ್ನಲ್ಲಿ ಒಂದು ಪದವೂ ಇರಲಿಲ್ಲ. ಕೇಳುವ ಗುಣಕ್ಕೆ ಸಿಗುವ ಮೆಚ್ಚುಗೆಯಿಂದಾಗಿ ಈ ವೇಷವನ್ನು ತಾನಾಗಿ ಗುರುತಿಸುವುದು ಕಷ್ಟ. ಆದ್ದರಿಂದ ಕಳೆದ ಒಂದು ತಿಂಗಳಲ್ಲಿ ನೀವು ಕೇಳಿಸಿಕೊಂಡದ್ದೆಷ್ಟು, ಹೇಳಿಕೊಂಡದ್ದೆಷ್ಟು ಎಂದು ಒಮ್ಮೆ ಲೆಕ್ಕ ಹಾಕಿ ನೋಡಿ.

ಮೂರು ವಾರಗಳ ಕಾಲ ಒಂದು ಚಿಕ್ಕ ಟಿಪ್ಪಣಿ ಇಟ್ಟುಕೊಳ್ಳುವುದು ಇದಕ್ಕೆ ಒಳ್ಳೆಯ ಸಾಧನ. ಹಿಂದೆ ಸರಿಯಬೇಕೆನಿಸಿದ ಪ್ರತಿ ಸಲವೂ ಅದಕ್ಕೆ ಸ್ವಲ್ಪ ಮುಂಚೆ ಏನಾಯಿತು, ದೇಹದಲ್ಲಿ ಏನಾಯಿತು, ಏನು ಮಾಡಿದಿರಿ ಎಂದು ಎರಡು ಸಾಲಿನಲ್ಲಿ ಬರೆಯಿರಿ. "ಅವನು ಅಕ್ಕನ ಮನೆಗೆ ಬಾ ಎಂದ. ಹೊಟ್ಟೆಯಲ್ಲಿ ಕಲ್ಲು ಕೂತಂತಾಯಿತು. ತಲೆನೋವು ಎಂದು ಹೇಳಿದೆ." ಇಷ್ಟು ಸಾಕು. ವಿಶ್ಲೇಷಣೆ ಬೇಡ, ಬಾಲ್ಯದ ಶೋಧನೆಯೂ ಸದ್ಯಕ್ಕೆ ಬೇಡ. ಹತ್ತು ಹನ್ನೆರಡು ಟಿಪ್ಪಣಿಗಳಾದ ಮೇಲೆ ಒಟ್ಟಿಗೆ ಓದಿದರೆ, ನಿಮ್ಮ ಭಯ ಎರಡರಲ್ಲಿ ಯಾವ ಕಡೆಗೆ ವಾಲುತ್ತದೆ ಎಂಬುದು ಸಾಮಾನ್ಯವಾಗಿ ಕಾಣಿಸುತ್ತದೆ. ಒಂದು, ನನ್ನ ನಿಜರೂಪ ಕಂಡರೆ ಬಿಟ್ಟುಹೋಗುತ್ತಾರೆ ಎಂಬ ಭಯ. ಇನ್ನೊಂದು, ಹತ್ತಿರವಾದರೆ ನನ್ನನ್ನು ನುಂಗಿಬಿಡುತ್ತಾರೆ, ನನ್ನದೆಂಬುದೇನೂ ಉಳಿಯುವುದಿಲ್ಲ ಎಂಬ ಭಯ. ಕಿಮ್ ಬಾರ್ಥಲೊಮ್ಯೂ ಮತ್ತು ಲೆನರ್ಡ್ ಹೊರೊವಿಟ್ಜ್ 1991ರಲ್ಲಿ ವಯಸ್ಕರ ನಂಟನ್ನು ನಾಲ್ಕು ಬಗೆಯಾಗಿ ವಿಂಗಡಿಸಿದಾಗ, ದೂರ ಉಳಿಯುವವರಲ್ಲೂ ಎರಡು ಬಗೆಯಿದೆ ಎಂದು ತೋರಿಸಿದರು: ಸಾಮೀಪ್ಯವನ್ನು ಬಯಸಿಯೂ ಹೆದರುವವರು ಒಂದು ಕಡೆ, ಅದರ ಅಗತ್ಯವೇ ತನಗಿಲ್ಲವೆಂದು ನಂಬಿಕೊಂಡವರು ಇನ್ನೊಂದು ಕಡೆ. ಈ ವಿಂಗಡಣೆಯನ್ನು ಜಾತಕದಂತೆ ಹಣೆಗೆ ಅಂಟಿಸಿಕೊಳ್ಳಬೇಡಿ. ಒಬ್ಬರೇ ವ್ಯಕ್ತಿ ಒಂದು ಸಂಬಂಧದಲ್ಲಿ ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ ಇರುವುದುಂಟು.

ಹೆಜ್ಜೆ ಚಿಕ್ಕದಿರಲಿ, ಉತ್ತರವನ್ನು ಗಮನಿಸಿ

ಭಯ ಗೊತ್ತಾದ ಹುಮ್ಮಸ್ಸಿನಲ್ಲಿ ಒಂದೇ ರಾತ್ರಿ ಎಲ್ಲವನ್ನೂ ಹೇಳಿಬಿಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅತಿಯಾಗಿ ತೆರೆದುಕೊಂಡ ಮರುದಿನ ಬರುವ ನಾಚಿಕೆ ಮತ್ತು ಪಶ್ಚಾತ್ತಾಪ ಹಳೆಯ ಭಯಕ್ಕೆ ಹೊಸ ಪುರಾವೆ ಒದಗಿಸುತ್ತವೆ. 1997ರಲ್ಲಿ ಆರ್ಥರ್ ಆರನ್ ಮತ್ತು ಅವರ ಸಹೋದ್ಯೋಗಿಗಳು ಅಪರಿಚಿತರ ಜೋಡಿಗಳನ್ನು ಸುಮಾರು 45 ನಿಮಿಷ ಕೂರಿಸಿ 36 ಪ್ರಶ್ನೆಗಳಿಗೆ ಪರಸ್ಪರ ಉತ್ತರಿಸುವಂತೆ ಮಾಡಿದ ಪ್ರಯೋಗ ಬಹಳ ಹೆಸರಾಗಿದೆ. ಜನ ಪ್ರಶ್ನೆಗಳನ್ನಷ್ಟೇ ನೆನಪಿಟ್ಟುಕೊಂಡಿದ್ದಾರೆ. ನನಗೆ ಮುಖ್ಯವಾಗಿ ಕಾಣುವುದು ಅದರ ಕ್ರಮ. ಪ್ರಶ್ನೆಗಳು ಹಗುರವಾಗಿ ಆರಂಭವಾಗಿ ಸ್ವಲ್ಪಸ್ವಲ್ಪವೇ ಆಳಕ್ಕೆ ಇಳಿಯುತ್ತವೆ ಮತ್ತು ಇಬ್ಬರೂ ಸರದಿಯಲ್ಲಿ ಉತ್ತರಿಸುತ್ತಾರೆ. ಒಬ್ಬರೇ ತೆರೆದುಕೊಳ್ಳುವುದಿಲ್ಲ, ಯಾರೂ ಮೂರು ಮೆಟ್ಟಿಲು ಹಾರುವುದಿಲ್ಲ.

ಈ ಕ್ರಮವನ್ನೇ ನಿಮ್ಮ ಸಂಬಂಧಕ್ಕೆ ಅಳವಡಿಸಿಕೊಳ್ಳಿ. ಈಗಾಗಲೇ ಸಲೀಸಾಗಿ ಹೇಳುವ ಸಂಗತಿಗಿಂತ ಕೂದಲೆಳೆಯಷ್ಟು ಹೆಚ್ಚಿನದನ್ನು ವಾರಕ್ಕೊಮ್ಮೆ ಹೇಳಿ. "ಕೆಲಸ ಹೇಗಾಯಿತು" ಎಂದು ಕೇಳಿದಾಗ "ಪರವಾಗಿಲ್ಲ" ಎನ್ನುವ ಜಾಗದಲ್ಲಿ "ಇವತ್ತು ಎಲ್ಲರ ಮುಂದೆ ಒಂದು ಮಾತು ಕೇಳಬೇಕಾಯಿತು, ಇನ್ನೂ ಮನಸ್ಸಿನಲ್ಲಿದೆ" ಎಂದರೆ ಸಾಕು. ಹೇಳಿದ ಮೇಲೆ ಎದುರಿನವರು ಏನು ಮಾಡಿದರು ಎಂಬುದನ್ನು ಗಮನವಿಟ್ಟು ನೋಡಿ. ಹೇಳಿಕೊಳ್ಳುವುದರಿಂದ ಮಾತ್ರ ಆಪ್ತತೆ ಹುಟ್ಟುವುದಿಲ್ಲ ಎಂದು ಹ್ಯಾರಿ ರೈಸ್ ಮತ್ತು ಫಿಲಿಪ್ ಶೇವರ್ 1988ರಲ್ಲೇ ವಿವರಿಸಿದ್ದಾರೆ. ಹೇಳಿದ್ದನ್ನು ಅವರು ಅರ್ಥಮಾಡಿಕೊಂಡರು, ಹಗುರವಾಗಿ ಕಾಣಲಿಲ್ಲ, ಕಾಳಜಿ ತೋರಿಸಿದರು ಎಂದು ಅನ್ನಿಸಿದಾಗ ಅದು ಹುಟ್ಟುತ್ತದೆ. ಭಯವಿದ್ದವರು ಹೇಳಿದ ಕೂಡಲೇ ಕಣ್ಣು ತಪ್ಪಿಸಿ ವಿಷಯ ಬದಲಿಸುವುದರಿಂದ, ಬಂದ ಒಳ್ಳೆಯ ಉತ್ತರವೂ ಅವರನ್ನು ತಲುಪುವುದಿಲ್ಲ. ಹೇಳಿ, ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ, ಅವರ ಮುಖ ನೋಡಿ. ಅಷ್ಟು ಹೊತ್ತು ನಿಲ್ಲುವುದೇ ಅಭ್ಯಾಸ.

ಇಷ್ಟೆಲ್ಲ ಮಾಡಿದರೂ ಹಿಂದೆ ಸರಿಯಬೇಕೆಂಬ ತುಡಿತ ಬಂದೇ ಬರುತ್ತದೆ. ಅದನ್ನು ತಡೆಗಟ್ಟಲು ಹೋಗಬೇಡಿ, ಅದಕ್ಕೊಂದು ಶಿಸ್ತು ಕೊಡಿ. ಈ ಬರಹದಿಂದ ಒಂದೇ ಅಭ್ಯಾಸವನ್ನು ತೆಗೆದುಕೊಂಡು ಹೋಗುವುದಾದರೆ ಇದನ್ನು ತೆಗೆದುಕೊಳ್ಳಿ: ಸರಿಯುವ ಮುನ್ನ ಹೇಳಿ, ಮರಳುವ ಹೊತ್ತನ್ನೂ ಹೇಳಿ. "ನಿನ್ನೆಯ ಮಾತು ನನಗೆ ಇಷ್ಟವಾಯಿತು, ಆದರೆ ಈಗ ಒಳಗೆ ಗಾಬರಿಯಾಗುತ್ತಿದೆ. ಇವತ್ತು ಒಬ್ಬನೇ ಇರುತ್ತೇನೆ, ನಾಳೆ ಸಂಜೆ ನಾನೇ ಫೋನ್ ಮಾಡುತ್ತೇನೆ." ಈ ಮಾತಿನಲ್ಲಿ ಸಂಬಂಧಕ್ಕೆ ಧಕ್ಕೆಯಿಲ್ಲ ಎಂಬ ಭರವಸೆಯಿದೆ, ನಿಜವಾದ ಕಾರಣವಿದೆ, ಎದುರಿನವರು ಹಿಡಿದುಕೊಳ್ಳಬಹುದಾದ ಹೊತ್ತೂ ಇದೆ. ಹೇಳದೆ ಮಾಯವಾದ ಎರಡು ದಿನ ಕೊಡುವ ನೋವನ್ನು, ಹೇಳಿ ದೂರವಿದ್ದ ಎರಡು ದಿನ ಕೊಡುವುದಿಲ್ಲ. ಹೇಳಿದ ಹೊತ್ತಿಗೆ ಫೋನ್ ಮಾಡಲೇಬೇಕು. ಮಾತನಾಡುವ ಮನಸ್ಸಿಲ್ಲದಿದ್ದರೆ ಅದನ್ನೇ ಹೇಳುವುದಕ್ಕಾದರೂ ಮಾಡಬೇಕು. ನುಂಗಿಬಿಡುತ್ತಾರೆ ಎಂಬ ಭಯವಿರುವವರಿಗೆ, ದೂರ ಹೋಗಲು ಅನುಮತಿಯಿದೆ ಎಂಬ ತಿಳಿವಳಿಕೆಯೇ ಹತ್ತಿರ ಇರಲು ಧೈರ್ಯ ಕೊಡುತ್ತದೆ.

ಬೇರೆ ಬೇರೆ ಹಿನ್ನೆಲೆಯ ಇಬ್ಬರಾಗಿದ್ದರೆ

ಇಬ್ಬರೂ ಬೇರೆ ಬೇರೆ ಸಂಸ್ಕೃತಿಯಲ್ಲಿ ಬೆಳೆದಿದ್ದರೆ, ಯಾವುದು ಭಯ, ಯಾವುದು ಅಭ್ಯಾಸ ಎಂಬುದನ್ನು ಊಹಿಸುವುದನ್ನು ಬಿಟ್ಟು ಕೇಳುವುದೇ ಲೇಸು. "ನಿಮ್ಮ ಮನೆಯಲ್ಲಿ ಯಾರಿಗಾದರೂ ಬೇಸರವಾದರೆ ಗೊತ್ತಾಗುತ್ತಿದ್ದುದು ಹೇಗೆ? ಕ್ಷಮೆ ಕೇಳುತ್ತಿದ್ದುದು ಹೇಗೆ? ಪ್ರೀತಿಯನ್ನು ಬಾಯಲ್ಲಿ ಹೇಳುತ್ತಿದ್ದರೋ, ಕೆಲಸದಲ್ಲಿ ತೋರಿಸುತ್ತಿದ್ದರೋ?" ಎಂಬ ಪ್ರಶ್ನೆಗಳಿಗೆ ಇಬ್ಬರೂ ಉತ್ತರಿಸಿದರೆ ಅರ್ಧ ಗೊಂದಲ ಕರಗುತ್ತದೆ. ಕೆಲವರಿಗೆ "ನಿನ್ನನ್ನು ಪ್ರೀತಿಸುತ್ತೇನೆ" ಎಂಬ ಮಾತು ದಿನವೂ ಬೇಕು. ಕೆಲವರಿಗೆ ಆ ಮಾತು ಕೇಳಿದರೆ ನಾಟಕವೆನಿಸುತ್ತದೆ, ಜ್ವರ ಬಂದಾಗ ರಾತ್ರಿ ಎದ್ದು ಹಣೆ ಮುಟ್ಟಿ ನೋಡುವ ಕೈಯೇ ಪ್ರೀತಿ. ಇಬ್ಬರಲ್ಲಿ ಯಾರೂ ತಪ್ಪಲ್ಲ. ಆದರೆ "ನಮ್ಮಲ್ಲಿ ಹೀಗೆಯೇ" ಎಂಬುದು ಪ್ರತಿ ಕಷ್ಟದ ಮಾತಿನಿಂದ ತಪ್ಪಿಸಿಕೊಳ್ಳುವ ನೆಪವಾಗಿದ್ದರೆ, ಅಲ್ಲಿ ಸಂಸ್ಕೃತಿಯ ಹೆಸರಿನಲ್ಲಿ ಭಯವೇ ಮಾತನಾಡುತ್ತಿದೆ. ಸಂಬಂಧವನ್ನು ಮನೆಯವರಿಂದ ಮುಚ್ಚಿಡಬೇಕಾದ ಪರಿಸ್ಥಿತಿಯಿರುವ ಯುವಜನರ ವಿಷಯವೇ ಬೇರೆ. ಅವರ ಹಿಂಜರಿಕೆಯ ಒಂದು ಪಾಲು ಹೊರಗಿನ ನಿಜವಾದ ಅಪಾಯದ ಎಣಿಕೆ. ಅದನ್ನು ಮನಸ್ಸಿನ ದೌರ್ಬಲ್ಯವೆಂದು ಕರೆದು ಅವರ ಮೇಲೆ ಇನ್ನಷ್ಟು ಹೊರೆ ಹಾಕಬಾರದು.

ನೀವು ಎದುರಿಗಿರುವ ಸಂಗಾತಿಯಾಗಿದ್ದರೆ

ಬೆನ್ನುಬೀಳಬೇಡಿ, ಹಾಗೆಂದು ಶಿಕ್ಷಿಸಲು ನೀವೂ ಮೌನಕ್ಕೆ ಇಳಿಯಬೇಡಿ. ಅವರು ಹೇಳಿದ ಚಿಕ್ಕ ಸಂಗತಿಗೆ ಸಲಹೆ ಕೊಡದೆ, ಇನ್ನಷ್ಟು ಹೇಳೆಂದು ಒತ್ತಾಯಿಸದೆ, "ಹೇಳಿದ್ದು ಒಳ್ಳೆಯದಾಯಿತು" ಎಂದು ನಿಲ್ಲಿಸಿ. ಎದುರಾಬದುರು ಕೂತು ಕಣ್ಣಲ್ಲಿ ಕಣ್ಣಿಟ್ಟು ಕೇಳುವುದಕ್ಕಿಂತ ಜೊತೆಯಲ್ಲಿ ನಡೆಯುವಾಗ, ಒಟ್ಟಿಗೆ ಪಾತ್ರೆ ತೊಳೆಯುವಾಗ ಮಾತು ಸುಲಭವಾಗಿ ಹೊರಬರುತ್ತದೆ. ಆದರೆ ಕಾಯುವುದಕ್ಕೂ ಮಿತಿಯಿದೆ, ಅದನ್ನು ಮುಚ್ಚಿಡಬೇಡಿ. ನಿಮಗೆ ಏನು ಬೇಕು, ಎಷ್ಟು ದಿನ ಕಾಯಬಲ್ಲಿರಿ ಎಂದು ಹೇಳುವುದು ಬೆದರಿಕೆಯಾಗುವುದಿಲ್ಲ.

ದೂರವೇ ಸರಿಯಾಗಿರುವ ಸಂದರ್ಭಗಳು, ನೆರವು ಬೇಕಾದ ಸಂದರ್ಭಗಳು

ಸಂಗಾತಿ ಹೊಡೆಯುತ್ತಿದ್ದರೆ, ಹೀಯಾಳಿಸುತ್ತಿದ್ದರೆ, ಫೋನ್ ತಪಾಸಣೆ ಮಾಡುತ್ತಿದ್ದರೆ, ನಂಬಿ ಹೇಳಿದ್ದನ್ನು ಜಗಳದಲ್ಲಿ ಆಯುಧ ಮಾಡುತ್ತಿದ್ದರೆ, ನಿಮ್ಮ ಹಿಂಜರಿಕೆ ಸರಿಯಾದ ಎಚ್ಚರವೇ ಹೊರತು ಗೆಲ್ಲಬೇಕಾದ ಭಯವಲ್ಲ. ಅಂಥಲ್ಲಿ ಮೇಲಿನ ಯಾವ ಅಭ್ಯಾಸವನ್ನೂ ಮಾಡಬೇಡಿ. ನಂಬಿಕೆಯ ಇನ್ನೊಬ್ಬರಿಗೆ ತಿಳಿಸಿ ಸುರಕ್ಷಿತವಾಗಿ ಹೊರಬರುವ ದಾರಿ ನೋಡಿ. ದೈಹಿಕ ಸಾಮೀಪ್ಯದ ವಿಷಯದಲ್ಲಿ "ಬೇಡ" ಎನ್ನಲು ಕಾರಣ ಕೊಡಬೇಕಾಗಿಯೂ ಇಲ್ಲ. ಯಾರ ಬಗ್ಗೆಯೂ ಲೈಂಗಿಕ ಸೆಳೆತವಿಲ್ಲದವರೂ, ಒಂಟಿಯಾಗಿ ನೆಮ್ಮದಿಯಿಂದ ಇರುವವರೂ ಇದ್ದಾರೆ. ಅವರಿಗೆ ಈ ಬರಹದಿಂದ ಆಗಬೇಕಾದದ್ದೇನೂ ಇಲ್ಲ.

ಬಾಲ್ಯದಲ್ಲಿ ದೌರ್ಜನ್ಯವಾಗಿದ್ದರೆ, ಸ್ಪರ್ಶದ ಹೊತ್ತಿನಲ್ಲಿ ಮೈ ಮರಗಟ್ಟಿದಂತಾಗುತ್ತಿದ್ದರೆ, ಹಳೆಯ ಚಿತ್ರಗಳು ನುಗ್ಗಿ ಬರುತ್ತಿದ್ದರೆ, ಒಂಟಿತನದಿಂದ ಬದುಕೇ ಬೇಡವೆನಿಸುತ್ತಿದ್ದರೆ, ಟಿಪ್ಪಣಿ ಪುಸ್ತಕ ಸಾಲದು. ತರಬೇತಿ ಪಡೆದ ಆಪ್ತಸಮಾಲೋಚಕರನ್ನು ತಡಮಾಡದೆ ಕಾಣಬೇಕು. ಜೋಡಿಯಾಗಿ ಹೋಗಬಯಸುವವರಿಗೆ, ಸೂ ಜಾನ್ಸನ್ ಮತ್ತು ಲೆಸ್ಲಿ ಗ್ರೀನ್‌ಬರ್ಗ್ 1980ರ ದಶಕದಲ್ಲಿ ಬೆಳೆಸಿದ ಭಾವಕೇಂದ್ರಿತ ಚಿಕಿತ್ಸೆ ಬೆನ್ನುಬೀಳುವ ಮತ್ತು ದೂರ ಸರಿಯುವ ಆ ಸರಪಳಿಯನ್ನೇ ನೇರವಾಗಿ ಕೈಗೆತ್ತಿಕೊಳ್ಳುತ್ತದೆ. ಮೊದಲ ಭೇಟಿಯಲ್ಲಿ ಏನು ಹೇಳಬೇಕೆಂದು ತೋಚದಿದ್ದರೆ ಟಿಪ್ಪಣಿಯ ನಾಲ್ಕು ಸಾಲನ್ನು ಓದಿಬಿಡಿ. ಸಮಾಲೋಚಕರ ಬಳಿಗೂ ಎರಡು ಸಲ ಹೋಗಿ ಮೂರನೆಯ ಸಲ ತಪ್ಪಿಸಿಕೊಳ್ಳಬೇಕೆನಿಸುವುದು ಸಾಮಾನ್ಯ. ಆಗ ತಪ್ಪಿಸಿಕೊಳ್ಳದೆ ಹೋಗಿ, ತಪ್ಪಿಸಿಕೊಳ್ಳಬೇಕೆನಿಸಿದ್ದನ್ನೇ ಮೊದಲ ಮಾತಾಗಿ ಹೇಳಿ.

ಮೂರು ತಿಂಗಳಾದ ಮೇಲೆ ಹಳೆಯ ಟಿಪ್ಪಣಿಗಳನ್ನು ತೆಗೆದು ನೋಡುವಾಗ ಭಯ ಹೋಯಿತೇ ಎಂದು ಹುಡುಕಬೇಡಿ, ಮರಳಿ ಬರಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಿ. ಮೊದಲು ಒಂದು ವಾರ ಹಿಡಿಯುತ್ತಿದ್ದ ಮೌನ ಎರಡು ದಿನಕ್ಕೆ, ಎರಡು ದಿನದ್ದು ಒಂದು ಸಂಜೆಗೆ ಇಳಿದಿದ್ದರೆ, ಆ ರಾತ್ರಿಯ ಸಂದೇಶಕ್ಕೆ ಈಗ ಅಳಿಸದೆ ಒಂದು ಸಾಲು ಬರೆದು ಕಳುಹಿಸಲು ಆಗುತ್ತಿದ್ದರೆ, ವಾರದ ಆ ಚಿಕ್ಕ ಹೆಜ್ಜೆಯನ್ನು ಹಾಗೆಯೇ ಮುಂದುವರಿಸಿ.